ಮುಪ್ಪಿನಲ್ಲಿ ಎತ್ತರವಾದ ಕುಬೇರಪ್ಪ

ಎಪ್ಪತ್ತು ದಾಟಿದ ಮೇಲೆ ಯರಗುಪ್ಪಿಯ ಗಂಡಸರೆಲ್ಲ ಬಾಗುತ್ತ ಬಾಗುತ್ತ ನೆಲಕ್ಕೆ ಹತ್ತಿರವಾಗುತ್ತಾರೆ. ಕುಬೇರಪ್ಪ ಒಬ್ಬನೇ ಎತ್ತರವಾಗುತ್ತಿದ್ದ. ಇದನ್ನು ಬೇರೆ ಯಾರೂ ಹೇಳಿದ್ದಲ್ಲ, ಅವನೇ ಹೇಳಿಕೊಂಡದ್ದು. ಆದರೆ ಸಾಕ್ಷಿ ಇಲ್ಲದೆ ಮಾತಾಡುವ ಮನುಷ್ಯ ಅವನಲ್ಲ. ಲಗ್ನವಾದ ಹೊಸತರಲ್ಲಿ ಪಡಸಾಲೆಯಲ್ಲಿ ನಿಂತು ಕೈ ಎತ್ತಿದರೆ ಅವನ ಬೆರಳು ನಡುತೊಲೆಗೆ ನಿಲುಕುತ್ತಿರಲಿಲ್ಲ. ಮಗನ ಲಗ್ನದ ಹೊತ್ತಿಗೆ ಬೆರಳು ನಿಲುಕಿತು. ಮೊಮ್ಮಗಳ ಲಗ್ನದ ಹೊತ್ತಿಗೆ ಅಂಗೈ ನಿಲುಕಿತು. ಈಗ ಎಂಬತ್ತರ ಹತ್ತಿರ ಬಂದಾಗ, ರುಮಾಲು ಸುತ್ತಿಕೊಂಡು ಆ ತೊಲೆಯ ಕೆಳಗೆ ಹಾಯ್ದರೆ ರುಮಾಲು ತೊಲೆಗೆ ತಾಗಿ ಹಿಂದಕ್ಕೆ ಜಾರುತ್ತಿತ್ತು.

"ಊರ ಮಂದಿ ಮುದುಕರಾಗಿ ಕುಗ್ಗತಾರ, ನಾ ಬೆಳ್ಯಾಕತ್ತೇನಿ," ಎಂದು ಅವನು ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದ. "ಜ್ವಾಳದ ರೊಟ್ಟಿ ಗುಣಾ ಇದು. ಇನ್ನ ಹತ್ತ ವರ್ಷ ಬದುಕಿದರ ಬೆಳಕಿಂಡ್ಯಾಗಿಂದ ತಲಿ ಹೊರಗ ಹಾಕಿ ಮಳಿ ಬಂತೇನ ನೋಡಬಹುದು."

"ನಿಂದು ಉದ್ದ ಆಗಿದ್ದು ನಾಲಿಗಿ ಅಷ್ಟಲೇ," ಎನ್ನುತ್ತಿದ್ದ ಭೀಮಶಿ. ಭೀಮಶಿ ಅವನ ಬಾಜೂ ಮನೆಯವನು, ಓರಗೆಯವನು. ಹರೆಯದಲ್ಲಿ ಕುರಿ ಹಿಂಡಿನ ಹಿಂದೆ ತಿರುಗಿದವನಾದ್ದರಿಂದ ಯಾರ ಮಾತಿಗೂ ಸುಲಭಕ್ಕೆ ಬೆದರುತ್ತಿರಲಿಲ್ಲ.

ಕುಬೇರಪ್ಪನಿಗೆ ಆ ಹೆಸರನ್ನಿಟ್ಟದ್ದು ಅವನ ಅಜ್ಜಿ. ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳಿದ ದಿನವೇ ಮನೆಯ ಹಿಂಡುವ ಎಮ್ಮೆ ಹಳ್ಳ ದಾಟಿ ಹೋದದ್ದು ತಿರುಗಿ ಬರಲಿಲ್ಲವಂತೆ. "ಹೆಸರ ಕೇಳಿ ಅದಕ್ಕ ನಗಿ ತಡಿಯಾಕ ಆಗಿಲ್ಲ, ಮಂದಿ ಎದುರಿಗೆ ನಗಬಾರದಂತ ದೂರ ಹೋಗೇತಿ," ಎಂದು ಅವನು ಈಗಲೂ ಆ ಎಮ್ಮೆಯ ಮರ್ಯಾದೆಯನ್ನು ಹೊಗಳುತ್ತಾನೆ. ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಅವನಿಗೆ ಎಷ್ಟು ಹಿಡಿಸಿತೆಂದರೆ ಅದನ್ನೇ ಮೂರು ವರ್ಷ ಓದಿದ. ಕೊನೆಗೆ ಮಾಸ್ತರರು ತಲೆ ನೋಡಿ ಬೇಡವೆಂದವನನ್ನು ಅಪ್ಪ ಕಾಲು ನೋಡಿ ಒಪ್ಪಿಕೊಂಡ.

ಕಾಲುಗಳೇ ಹಾಗಿದ್ದವು. ಮೊರದಷ್ಟು ಅಗಲ, ಚಪ್ಪಟೆ. ಅಂಗಡಿಯಲ್ಲಿ ಆ ಅಳತೆಯ ಚಪ್ಪಲಿ ಸಿಗುತ್ತಿರಲಿಲ್ಲ. ಎರೆನಾಡಿನ ಮನೆಗಳಿಗೆ ಅಂಥ ಕಾಲು ಬೇಕು. ಇಲ್ಲಿ ಹೆಂಚಿನ ರೂಢಿಯಿಲ್ಲ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಬೇವಿನ ಸೊಪ್ಪು, ಎಲ್ಲದರ ಮೇಲೆ ಒಂದು ಗೇಣು ಮಣ್ಣು. ಆ ಮಣ್ಣಿಗೆ ಮೇಲ್ಮುದ್ದೆ ಎನ್ನುತ್ತಾರೆ, ಅಂಥ ಚಾವಣಿಗೆ ಮಾಳಿಗೆ. ಬೇಸಿಗೆ ಮುಗಿಯುತ್ತ ಬಂದಂತೆ ಹಳ್ಳದ ದಂಡೆಯಿಂದ ಬಿಳಿಯ ಸವಳು ಮಣ್ಣು ತಂದು, ಹರವಿ, ನೀರು ಚಿಮುಕಿಸಿ ಕಾಲಿನಿಂದ ತುಳಿದರೆ ಆ ವರ್ಷದ ಮಳೆ ಒಳಗೆ ಇಳಿಯುವುದಿಲ್ಲ. ಓಣಿಯ ಮಂದಿಯೆಲ್ಲ ಇವತ್ತು ನಿನ್ನ ಮನೆ, ನಾಳೆ ನನ್ನ ಮನೆ ಎಂದು ಮುಯ್ಯಿಗೆ ಬಂದು ತುಳಿಯುವುದು, ಮನೆಯವರು ಅವರಿಗೆಲ್ಲ ಮಾವಿನ ಹಣ್ಣಿನ ಸೀಕರಣೆ, ಚಪಾತಿ ಬಡಿಸುವುದು ಹಿಂದಿನಿಂದ ಬಂದ ಪದ್ಧತಿ.

ಕುಬೇರಪ್ಪ ಹೊಲದಲ್ಲಿ ಮೆಣಸಿನಕಾಯಿ ಬೆಳೆದ, ಹತ್ತಿ ಬೆಳೆದ, ಹೆಸರು ಬೆಳೆದ. ಎಲ್ಲರಷ್ಟೇ ಬೆಳೆದ, ಎಲ್ಲರಿಗಿಂತ ಒಂದು ಸಂತೆ ತಡವಾಗಿ ಮಾರಿದ. ಆದರೆ ಮಾಳಿಗೆ ತುಳಿಯುವುದರಲ್ಲಿ ಸುತ್ತಲಿನ ಊರಲ್ಲೆಲ್ಲ ಅವನ ಸರಿಜೋಡಿ ಇರಲಿಲ್ಲ. ಕರೆದವರ ಮಾಳಿಗೆಯನ್ನೂ ತುಳಿದ, ಕರೆಯದವರ ಮಾಳಿಗೆಯನ್ನೂ ತುಳಿದ. ಒಂದು ಸಲ ಅವನು ತುಳಿದ ಗಟ್ಟಿತನಕ್ಕೆ ಬಿದ್ದ ಮಳೆಹನಿ ಪುಟಿದು ಮೋಡಕ್ಕೆ ವಾಪಸು ಹೋಗಿ, ಆ ಮಳೆ ನವಲಗುಂದದಲ್ಲಿ ಸುರಿಯಿತಂತೆ. ನವಲಗುಂದದವರು ಇವತ್ತಿನವರೆಗೂ ಒಂದು ಥ್ಯಾಂಕ್ಸ್ ಹೇಳಿಲ್ಲ ಎಂಬುದು ಅವನ ಕೊರಗು. ಭೀಮಶಿಯ ಮಗ ಸಿಮೆಂಟಿನ ಸ್ಲ್ಯಾಬು ಹಾಕಿಸಿದ ವರ್ಷವೂ ಕುಬೇರಪ್ಪ ರೂಢಿಯಂತೆ ಒಂದು ಬುಟ್ಟಿ ಮಣ್ಣು ಹೊತ್ತುಕೊಂಡು ಏಣಿ ಹತ್ತಿದ್ದ. ಭೀಮಶಿಯ ಸೊಸೆ ಸುಧಾರಾಣಿ ಅವನನ್ನು ಚಹಾ ಕುಡಿಸಿ ಕೆಳಗಿಳಿಸಬೇಕಾಯಿತು.

ಇಷ್ಟು ದುಡಿದ ಮನುಷ್ಯನಿಗೆ ಊರು ಮರ್ಯಾದೆ ಕೊಡಬೇಕಲ್ಲ. ಒಮ್ಮೆ ಪಂಚಾಯಿತಿ ಚುನಾವಣೆಗೆ ನಿಂತ. ಎಣಿಸಿ ನೋಡಿದರೆ ಅವನ ಮನೆಯಲ್ಲಿ ಉಣ್ಣುವವರಿಗಿಂತ ಓಟು ಕಡಿಮೆ ಬಿದ್ದಿದ್ದವು. "ಉಪ್ಪ ಹೆಚ್ಚಾಗಿತ್ತು ಅನಸ್ತದ ಅವತ್ತ," ಎಂದು ಹೆಂಡತಿಯ ಮೇಲೆ ಹಾಕಿ ಸುಮ್ಮನಾದ. ಗೆದ್ದವನ ಮಾಳಿಗೆಗೂ ಮುಂದಿನ ವಾರ ಹೋಗಿ ಮಣ್ಣು ತುಳಿದ.

ಹೆಂಡತಿ ಸುಶೀಲವ್ವ ಕಲಘಟಗಿ ಕಡೆಯ ತಂಬೂರದವಳು. ಅಲ್ಲಿ ಮಳೆ ಹೆಚ್ಚು, ಮನೆಗಳಿಗೆಲ್ಲ ಇಳಿಜಾರು ಹೆಂಚು. ಮದುವೆಯಾಗಿ ಬಂದು ಮೊದಲ ಸಲ ಮಾಳಿಗೆ ಹತ್ತಿದಾಗ ಅವಳು ಸುತ್ತ ನೋಡಿ ಕೇಳಿದ್ದಳು, "ಇದೇನ್ರಿ, ನಿಮ್ಮೂರಾಗ ಮನಿ ಮ್ಯಾಲ ಹೊಲಾ ಮಾಡ್ತಾರೇನು?" ಆ ದಿನದಿಂದ ಅವಳು ಹೆಂಚು ಕೇಳುತ್ತ ಬಂದಳು, ಅವನು ಮಣ್ಣು ಹಾಕುತ್ತ ಬಂದ. ಆದರೆ ದುಡಿಮೆಯಲ್ಲಿ ಅವಳೂ ಕಡಿಮೆಯವಳಲ್ಲ. ಅಮಾವಾಸ್ಯೆ, ಹುಣ್ಣಿಮೆ, ಸೋಮವಾರ ಎನ್ನದೆ ಪಡಸಾಲೆಯ ನೆಲಕ್ಕೆ ಮಣ್ಣು, ಸಗಣಿ ಕಲಸಿ ಬಳಿಯುತ್ತಿದ್ದಳು. ಗಂಡ ಮೇಲೆ, ಹೆಂಡತಿ ಕೆಳಗೆ, ಇಬ್ಬರೂ ಐವತ್ತು ವರ್ಷ ಬಿಡದೆ ಮಣ್ಣು ಬಳಿದರು.

ಪಡಸಾಲೆಯ ಒಳಗೋಡೆಗೆ ಹತ್ತಿ ಒಂದು ಕತ್ತಲೆ ಕೋಣೆ ಇತ್ತು. ಅದು ಬಾಣಂತಿ ಕೋಣೆ. ಕುಬೇರಪ್ಪನ ಅಕ್ಕ ತಂಗಿಯರು, ಆಮೇಲೆ ಅವನ ಹೆಣ್ಣುಮಕ್ಕಳು ಎಲ್ಲರೂ ಹಡೆಯಲು ತವರಿಗೆ ಬಂದು ಅಲ್ಲೇ ಬೆಚ್ಚಗೆ ಮಲಗಿದ್ದರು. ಕೂಸುಗಳ ಅಳು ಕೇಳುತ್ತ ಕೋಣೆಯ ಹೊರಗೆ ಕಂಬಳಿ ಹಾಸಿಕೊಂಡು ಮಲಗುವುದೇ ತನ್ನ ಜೀವನದ ದೊಡ್ಡ ಹುದ್ದೆ ಎಂದು ಅವನು ತಿಳಿದಿದ್ದ. ಆ ಕೋಣೆಯ ಬಾಗಿಲು ಮಾತ್ರ ಭಾರಿ ಬಿಗಿ. ಮಾಡಿಕೊಟ್ಟವನು ಬಡಿಗೇರ ಮೌನೇಶ. ಮೊದಲು ಒಂದು ಕೈಯಿಂದ ತೆರೆಯುತ್ತಿದ್ದದ್ದು, ಬರಬರುತ್ತ ಎರಡು ಕೈ ಕೇಳಿತು, ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು ಓಡಿಬಂದು ಭುಜದಿಂದ ಗುದ್ದಿದರೆ ಮಾತ್ರ ಒಳಗೆ ಬಿಡುತ್ತಿತ್ತು. "ಹಸಿ ಕಟಗಿ ಹಾಕ್ಯಾನ ಮೌನೇಶಿ," ಎಂದು ಕುಬೇರಪ್ಪ ಮದುವೆ, ಮುಂಜಿ, ತಿಥಿ ಎಲ್ಲ ಕಡೆಗೂ ಹೇಳಿದ. ಮೌನೇಶ ಅವನ ಓಣಿಯಲ್ಲಿ ಹಾಯುವುದನ್ನೇ ಬಿಟ್ಟ.

ಈಗಿನ ಮಾತಿಗೆ ಬರೋಣ. ಈ ಬೇಸಿಗೆ, ಬಸವ ಜಯಂತಿ ಮುಗಿದ ಮೇಲೆ, ಮೊಮ್ಮಗಳು ಶೈಲಾ ಚೊಚ್ಚಲ ಬಸುರಿ ಅಣ್ಣಿಗೇರಿಯಿಂದ ತವರಿಗೆ ಬಂದಳು. ಕರೆತಂದು ಬಿಟ್ಟವನು ಅವಳ ಗಂಡ ಹೇಮಂತ, ಹೈಸ್ಕೂಲಿನಲ್ಲಿ ಲೆಕ್ಕದ ಮಾಸ್ತರ, ಮೆತ್ತಗೆ ಮಾತಾಡುವ ಹುಡುಗ. ಮಧ್ಯಾಹ್ನ ಪಡಸಾಲೆಯಲ್ಲಿ ಸಾಲಾಗಿ ಉಣ್ಣಲು ಕುಳಿತರು. ಶೈಲಾಳ ತಾಯಿ ಮಹಾನಂದಾ ಅಳಿಯನ ತಾಟಿಗೆ ಸೀಕರಣೆ ಸುರಿದಳು. ಅದರ ಹಿಂದೆಯೇ ಮೇಲಿನಿಂದ ಚರ್ ಎಂದು ಸದ್ದಾಗಿ, ಒಂದು ಬೊಗಸೆ ಮಣ್ಣು ಅದೇ ತಾಟಿಗೆ ಬಂದು ಬಿತ್ತು.

ಹೇಮಂತ ಬೆರಳಿನಿಂದ ಮಣ್ಣು ಬಾಜೂಕ್ಕೆ ಸರಿಸಿ, "ಇರ್ಲಿ ಬಿಡ್ರಿ, ಯಾಲಕ್ಕಿ ಪುಡಿ ಅನ್ಕೊಂಡೆ," ಎಂದ.

"ಅಳಿಯಂದಿರಿಗೆ ನಮ್ಮ ಮಾಳಿಗಿ ಮರ್ಯಾದಿ ಮಾಡೇತಿ," ಎಂದ ಕುಬೇರಪ್ಪ. "ಎಲ್ಲಾರಿಗೂ ಹಿಂಗ ಬಡಸೂದಿಲ್ಲ ಅದು." ಅವನೊಬ್ಬನೇ ನಕ್ಕ.

ಊಟವಾದ ಮೇಲೆ ಕುಬೇರಪ್ಪ ಎತ್ತುಗಳಿಗೆ ನೀರಿಡಲು ಗೋದಲಿಯ ಕಡೆಗೆ ಹೋದ. ಗೋಡೆಯ ಆಚೆ ಹೇಮಂತ ಮಾವನೊಂದಿಗೆ ಮಾತಾಡುತ್ತಿದ್ದದ್ದು ಕಿವಿಗೆ ಬಿತ್ತು. ಮಾವನೆಂದರೆ ಕುಬೇರಪ್ಪನ ಮಗ ಸಿದ್ಧಾರೂಢ; ಕುಂದಗೋಳದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು.

"ತಪ್ಪ ತಿಳ್ಕೋಬ್ಯಾಡ್ರಿ ಮಾವಾರ. ತಾಟಿಗೆ ಬಿದ್ದಿದ್ದು ನಾಳೆ ಕೂಸಿನ ಮ್ಯಾಲ ಬಿದ್ದರ ಹೆಂಗ್ರಿ? ಬಾಣಂತನ ನಮ್ಮ ಅಣ್ಣಿಗೇರ್ಯಾಗಽ ಆಗ್ಲಿ."

"ಅಪ್ಪಗ ಇದನ್ನ ಹೆಂಗ ಹೇಳೂದೋ ಮಾರಾಯಾ," ಎಂದ ಸಿದ್ಧಾರೂಢ.

"ಕಾರಹುಣ್ಣಿವಿಗೆ ಬರ್ತೀನ್ರಿ. ಮನಿ ಬರೋಬ್ಬರಿ ಕಂಡರ ಬಿಟ್ಟ ಹೋಗ್ತೀನಿ. ಇಲ್ಲಾಂದರ ಕರಕೊಂಡ ಹೋಗ್ತೀನಿ."

ಕುಬೇರಪ್ಪ ಬಕೆಟ್ಟು ಹಿಡಿದು ಹಾಗೇ ನಿಂತ. ಎತ್ತು ಬಾಯಿ ಚಾಚಿ ಬಕೆಟ್ಟಿನ ನೀರನ್ನೆಲ್ಲ ಅವನ ಕೈಯಲ್ಲೇ ಕುಡಿದು ಮುಗಿಸಿತು. ಈ ಮನೆಯ ಹೆಣ್ಣುಮಗಳು ಬಾಣಂತನಕ್ಕೆ ಈ ಕೋಣೆ ಬಿಟ್ಟು ಬೇರೆ ಕಡೆ ಹೋದದ್ದು ಅವನಿಗೆ ತಿಳಿದಂತೆ ಇಲ್ಲ. ಮರಿಮಗುವಿನ ಅಳು ಕೇಳುವ ಆಸೆಗೇ ಅವನು ಎರಡು ವರ್ಷದಿಂದ ಕಂಬಳಿ ಒಗೆಸಿ ಇಟ್ಟಿದ್ದ.

ಸಂಜೆ ಅವನು ಭೀಮಶಿಯ ಕಟ್ಟೆಗೆ ಹೋಗಿ ಕುಳಿತು ಎಲ್ಲ ಹೇಳಿದ.

"ಈಗೇನ ಮಾಡ್ತೀ?" ಎಂದ ಭೀಮಶಿ.

"ಏನ ಮಾಡೂದು? ಮಣ್ಣ ಉದರಾಕತ್ತೇತಿ ಅಂದರ ಮಣ್ಣ ಕಡಿಮಿ ಬಿದ್ದಂಗ. ಈ ಸಲ ಎರಡ ಪದರ ಹಾಕೂಣು. ನಾಳೆ ಟ್ರ್ಯಾಕ್ಟರ್ ಹೇಳೇನಿ."

ಭೀಮಶಿಗೂ ಅದು ಸರಿಯೆನಿಸಿತು. ಎಂಬತ್ತು ವರ್ಷ ಎರೆಮಣ್ಣಿನಲ್ಲಿ ಬದುಕಿದ ಇಬ್ಬರು ಗಂಡಸರಿಗೆ ಇದಕ್ಕಿಂತ ಬೇರೆ ಉಪಾಯ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಮನೆಯ ಮುಂದೆ ಸವಳು ಮಣ್ಣಿನ ಗುಡ್ಡೆ ಬಿತ್ತು. ಓಣಿಯ ಮಂದಿ ಬುಟ್ಟಿ, ಗುದ್ದಲಿ ಹಿಡಿದು ಬಂದರು. ಕುಬೇರಪ್ಪ ಧೋತರ ಮೇಲೆ ಕಟ್ಟಿ, ಏಣಿಗೆ ಕಾಲಿಡುವ ಮುಂಚೆ ಪಡಸಾಲೆಗೆ ಹೋಗಿ ಜಗಲಿಯ ದೇವರಿಗೆ ಕೈಮುಗಿದ. ತಿರುಗಿ ಬರುವಾಗ ರುಮಾಲು ತೊಲೆಗೆ ತಾಗಿ ಜಾರಿತು. ಪಡಸಾಲೆಯ ನಡುವೆ ಕಬ್ಬಿಣದ ಸರಪಳಿಯ ತೂಗುಮಣೆ ಇತ್ತು. ಶೈಲಾ ಅದರ ಮೇಲೆ ಕುಳಿತು ಒಂದು ಕಾಲಿನಿಂದ ಮೆಲ್ಲಗೆ ತೂಗಿಕೊಳ್ಳುತ್ತಿದ್ದಳು.

"ನೋಡವಾ, ನಿಮ್ಮಜ್ಜ ಇವತ್ತೂ ಒಂದ ಬೆರಳ ಬೆಳದಾನ," ಎಂದ ಕುಬೇರಪ್ಪ ರುಮಾಲು ಸರಿಪಡಿಸಿಕೊಳ್ಳುತ್ತ.

ಶೈಲಾ ತೂಗುವುದನ್ನು ನಿಲ್ಲಿಸಿದಳು. "ಅಜ್ಜಾ, ನಾ ಸಣ್ಣಾಕಿ ಇದ್ದಾಗ ಈ ಮಣಿ ಮ್ಯಾಲ ನೀನಽ ಎತ್ತಿ ಕುಂಡ್ರಸ್ತಿದ್ದಿ. ಹತ್ತಾಕ ಬರ್ತಿರಲಿಲ್ಲ ನನಗ."

"ಹೌದ. ಬೆಳದಿ ನೀನು."

"ನಾ ಬೆಳದೆ. ಆದರ ನೋಡಿಲ್ಲಿ, ಮಣಿ ನೆಲಕ್ಕ ಹತ್ತಾಕ ಬಂದೇತಿ. ಮೊಣಕಾಲ ಎದಿಗೆ ಬರ್ತಾವ ನನಗ. ಸರಪಳಿ ಬೆಳೀತದೇನ ಅಜ್ಜಾ?"

ಕುಬೇರಪ್ಪ ಸರಪಳಿ ನೋಡಿದ. ಅವನ ಅಪ್ಪ ಹುಬ್ಬಳ್ಳಿಯಿಂದ ತಂದ ಸರಪಳಿ. ಕೊಂಡಿಗಳು ಅವೇ. ಮಣೆಯ ಕೆಳಗೆ ಕೈ ತೂರಿಸಿ ನೋಡಿದ; ಅಂಗೈ ಅಡ್ಡ ಹಿಡಿದರೆ ಹಿಡಿಸಲಿಲ್ಲ. ಮೇಲೆ ನೋಡಿದ. ಕೊಂಡಿ ಹಾಕಿದ ನಡುತೊಲೆ ಬಸುರಿಯ ಹೊಟ್ಟೆಯಂತೆ ಕೆಳಗೆ ಜೋತಿತ್ತು. ಅದರ ಮೈಯಲ್ಲಿ ಉದ್ದಕ್ಕೆ ಒಂದು ಬಿರುಕು, ಹೊಸದು, ಒಳಗಿನ ಕಟ್ಟಿಗೆ ಇನ್ನೂ ಹಳದಿ ಇತ್ತು.

ಅವನು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅದನ್ನು ನೋಡಿ ಸುಶೀಲವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

"ಏನಾತ್ರಿ?"

"ನಾ ಬೆಳದಿಲ್ಲ," ಎಂದ ಕುಬೇರಪ್ಪ. "ಮನಿ ಇಳದೇತಿ."

ಹೊರಗಿನಿಂದ ಭೀಮಶಿ ಬಂದ. ಸರಪಳಿ ನೋಡಿದ, ತೊಲೆ ನೋಡಿದ, ಆಮೇಲೆ ಹಾರೆ ತೆಗೆದುಕೊಂಡು ನೆಲದ ಮೂಲೆಯಲ್ಲಿ ಒಂದು ಏಟು ಹಾಕಿದ. ಸುಶೀಲವ್ವ ಬಳಿದ ಪದರಗಳು ಚಪಾತಿಯಂತೆ ಒಂದರ ಮೇಲೊಂದು ಎದ್ದು ಬಂದವು. ಎಲ್ಲಕ್ಕಿಂತ ಕೆಳಗೆ ಒಂದು ಹಾಸುಗಲ್ಲು ಸಿಕ್ಕಿತು. ಆ ಕಲ್ಲು ಇತ್ತೆಂಬುದೇ ಸುಶೀಲವ್ವನಿಗೆ ಮರೆತಿತ್ತು.

"ಮ್ಯಾಲಿಂದ ಇಂವ, ಕೆಳಗಿಂದ ಈಕಿ," ಎಂದ ಭೀಮಶಿ. "ಇಬ್ಬರೂ ದುಡದ ದುಡದ ಮನೀನ ರೊಟ್ಟಿ ತಟ್ಟಿದಂಗ ತಟ್ಟೀರಲ್ಲೋ. ಇನ್ನ ನಾಕ ವರ್ಷ ಬಿಟ್ಟಿದ್ದರ ನಡೂಕ ನೀವಿಬ್ಬರೂ ಪಲ್ಯಾ."

"ನನ್ನ ಯಾಕ ಎಳೀತಿ ಇದರಾಗ? ನಾ ಹೆಂಚ ಹಾಕ್ಸ್ರಿ ಅಂತ ಹೇಳ್ಕೋತ ಬಂದಾಕಿ," ಎಂದಳು ಸುಶೀಲವ್ವ. ಆದರೆ ಸಗಣಿಯ ಬುಟ್ಟಿಯನ್ನು ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸಿದಳು.

ಕುಬೇರಪ್ಪ ಹೊರಗೆ ಬಂದ. ಬುಟ್ಟಿ ಹಿಡಿದು ನಿಂತ ಓಣಿಯ ಮಂದಿ ಅವನ ಬಾಯಿ ನೋಡುತ್ತಿದ್ದರು. ಐವತ್ತು ವರ್ಷ ಹಾಕಿದ ಮಣ್ಣು ಮೇಲಿತ್ತು, ಅದರ ಜೊತೆ ಅವನ ಹೆಸರೂ ಮೇಲಿತ್ತು. ಅಣ್ಣಿಗೇರಿಯ ಬಸ್ಸು ದಿನಾ ಮನೆಯ ಮುಂದಿನ ದಾರಿಯಲ್ಲೇ ಹೋಗುತ್ತಿತ್ತು.

"ಮಣ್ಣ ಹಾಕೂದಿಲ್ಲ," ಎಂದ. "ತಗೀಯೂಣು."

"ತಲಿ ನೆಟ್ಟಗ ಐತೇನ್ರಿ ಕಾಕಾ?" ಎಂದಳು ಎದುರು ಮನೆಯ ಜೈನಬಿ. "ಮಳಿ ಬರೂ ಮುಂದ ಮಾಳಗಿ ಮಣ್ಣ ತಗೀತಾರೇನ್ರಿ ಯಾರರೆ?"

"ತಲಿ ನೆಟ್ಟಗ ಐತವಾ. ತಲಿ ಮ್ಯಾಲಿಂದು ನೆಟ್ಟಗಿಲ್ಲ. ನಾನಽ ಹೇರಿದ್ದು, ನಾನಽ ಇಳಸ್ತೀನಿ. ನಿಮಗ ಸೀಕರಣಿ ಅಂತೂ ಸಿಗತೈತಿ, ಹಾಕಿದರೇನು, ತಗದರೇನು."

ಅಂದಿನಿಂದ ಶೈಲಾಳ ಹಾಸಿಗೆ ಭೀಮಶಿಯ ಸ್ಲ್ಯಾಬಿನ ಮನೆಗೆ ಹೋಯಿತು. ಓಣಿಯ ಮಂದಿ ಮಾಳಿಗೆ ಹತ್ತಿ ಅಗೆಯತೊಡಗಿದರು. ತುಳಿಯುವುದಕ್ಕೆ ಬಂದವರು ಅಗೆಯುವುದಕ್ಕೆ ಶುರುಮಾಡಿದಾಗ ತಿಳಿಯಿತು, ಕುಬೇರಪ್ಪ ಎಂಥ ಕೆಲಸಗಾರನೆಂದು. ಗುದ್ದಲಿ ಹಾಕಿದರೆ ಠಣ್ ಎಂದು ತಿರುಗಿ ಬರುತ್ತಿತ್ತು. ಇಬ್ಬರ ಕೈ ಬೊಬ್ಬೆ ಎದ್ದಿತು, ಒಬ್ಬನ ಗುದ್ದಲಿಯ ಕಾವು ಮುರಿಯಿತು. "ಯಾವ ದನಾ ತುಳದೇತಲೇ ಇದನ್ನ," ಎಂದು ಒಬ್ಬ ಬೈದ. "ಹಾಜರ ಅದಾನಪಾ ದನಾ," ಎಂದು ಕುಬೇರಪ್ಪ ಬುಟ್ಟಿ ಎತ್ತಿಕೊಟ್ಟ.

ಪದರಿಗೊಂದು ಬಣ್ಣ. ಹಳ್ಳ ತುಂಬಿ ಹರಿದ ವರ್ಷದ್ದು ಕೆಂಪು, ದಂಡೆ ಬದಲಿಸಿದ ವರ್ಷದ್ದು ಬೂದಿ. ಒಂದು ಪದರಿನಲ್ಲಿ ಸಿದ್ಧಾರೂಢನ ಗೋಲಿಗಳು ಸಿಕ್ಕವು. ಕುಂದಗೋಳದ ಅಂಗಡಿ ಮುಚ್ಚಿ ಬಂದಿದ್ದ ದೊಡ್ಡ ವ್ಯಾಪಾರಿ ಅವನ್ನು ಒರೆಸಿ ಕಿಸೆಗೆ ಹಾಕಿಕೊಂಡ. ಇನ್ನೊಂದರಲ್ಲಿ ಸುಶೀಲವ್ವನ ಹಿತ್ತಾಳೆಯ ಸೌಟು ಸಿಕ್ಕಿತು. ಅದನ್ನು ಕದ್ದಳೆಂದು ಅವಳು ಒಬ್ಬ ನಾದಿನಿಯೊಂದಿಗೆ ಮಾತು ಬಿಟ್ಟಿದ್ದಳು. ನಾದಿನಿ ತೀರಿಹೋಗಿದ್ದಳು. ಸೌಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸುಶೀಲವ್ವ ಕೆಳಗಿಳಿದು ಹೋದಳು.

ಎಲ್ಲಕ್ಕಿಂತ ಕೆಳಗಿನ ಪದರು ಕುಬೇರಪ್ಪನ ಅಪ್ಪನ ಕಾಲದ್ದು. ಅದರಲ್ಲಿ ಒಂದು ಹೆಜ್ಜೆಯ ಗುರುತು ಒಣಗಿ ಕಲ್ಲಾಗಿತ್ತು. ಕುಬೇರಪ್ಪ ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಕಣ್ಣು ತೇವವಾಯಿತು.

"ನಮ್ಮಪ್ಪನ ಹೆಜ್ಜಿ ಇದು," ಎಂದ. "ಎಂಥಾ ಕಾಲ ನೋಡು."

ಭೀಮಶಿ ಬಗ್ಗಿ ನೋಡಿದ. "ನಿಮ್ಮಪ್ಪಗ ಗೊರಸ ಇದ್ದೂವೇನಲೇ? ಎಮ್ಮಿ ಹೆಜ್ಜಿ ಅದು."

ಮಾಳಿಗೆಯ ಮೇಲೆ ಎಮ್ಮೆ ಹೇಗೆ ಬಂತೆಂದು ಯಾರಿಗೂ ಬಗೆಹರಿಯಲಿಲ್ಲ. ಕುಬೇರಪ್ಪ ಸ್ವಲ್ಪ ಯೋಚಿಸಿ, ತನ್ನ ಹೆಸರು ಕೇಳಿ ಓಡಿಹೋದ ಎಮ್ಮೆ ಅದೇ ಇರಬೇಕೆಂದು ತೀರ್ಮಾನಿಸಿದ. ಹಳ್ಳ ದಾಟಿರಲೇ ಇಲ್ಲ, ಇಲ್ಲೇ ಕುಳಿತು ನಕ್ಕಿತ್ತು.

ಸವಳು ಮಣ್ಣು ಹೊಲಕ್ಕೆ ಹಾಕುವಂತಿಲ್ಲ, ಬೆಳೆ ಸುಡುತ್ತದೆ. ಊರ ಮುಂದಿನ ರಸ್ತೆಯ ತಗ್ಗಿಗೆ ಸುರಿದರು. ಕುಂದಗೋಳದಿಂದ ಬರುವ ಬಸ್ಸು ಈಗ ತನ್ನ ಮಾಳಿಗೆಯ ಮೇಲೆ ಹಾದು ಬರುತ್ತದೆ ಎಂದು ಕುಬೇರಪ್ಪ ಕಂಡಕ್ಟರನಿಗೂ ಹೇಳಿದ್ದಾನೆ.

ಮಣ್ಣು ಇಳಿಯಿತು, ತೊಲೆ ಏಳಲಿಲ್ಲ. ಕಾರಹುಣ್ಣಿಮೆಗೆ ನಾಲ್ಕೇ ದಿನ ಉಳಿದಿತ್ತು. ತೊಲೆ ತಿಳಿದವನು ಊರಲ್ಲಿ ಒಬ್ಬನೇ, ಮೌನೇಶ. ಸಿದ್ಧಾರೂಢ ಹೋಗಿ ಕರೆಯುತ್ತೇನೆ ಎಂದ. ಕುಬೇರಪ್ಪ ಬೇಡವೆಂದು ತಾನೇ ಹೋದ. ಮೌನೇಶ ಅಂಗಳದಲ್ಲಿ ಕುಳಿತು ಕುಂಟೆಯ ದಿಂಡು ಕೆತ್ತುತ್ತಿದ್ದ, ತಲೆ ಎತ್ತಲಿಲ್ಲ.

"ಬಾಗಲದ ಸುದ್ದಿ ಆದರ ನಾ ಬರೂದಿಲ್ರಿ," ಎಂದ.

"ಬಾಗಲದ ಸುದ್ದಿ ಅಲ್ಲಪಾ. ನನ್ನ ಮಳ್ಳತನದ ಸುದ್ದಿ."

ಮೌನೇಶ ಬಂದ. ಬಾಣಂತಿ ಕೋಣೆಯ ಬಾಗಿಲ ಕಡೆ ಕಣ್ಣೂ ಹಾಯಿಸದೆ ತೊಲೆಯನ್ನು ತಟ್ಟಿ ನೋಡಿದ. ಒಳಗೆ ಇನ್ನೂ ಜೀವ ಇದೆ, ಎತ್ತಿ ಎರಡು ಹೊಸ ಕಂಬ ಕೊಟ್ಟರೆ ನಿಲ್ಲುತ್ತದೆ ಎಂದ. ಸಿದ್ಧಾರೂಢ ಗ್ಯಾರೇಜಿನಿಂದ ಲಾರಿ ಎತ್ತುವ ಜಾಕು ತಂದ. ಮೌನೇಶ ಹೇಳಿದಂತೆ ಒಂದೊಂದೇ ತಿರುವು ತಿರುಗಿಸಿದರು. ತೊಲೆ ಕಟಕಟ ಎಂದು ಮುದುಕನ ಸೊಂಟದಂತೆ ಸದ್ದು ಮಾಡುತ್ತ ಮೇಲೇರಿತು. ಪ್ರತಿ ಸದ್ದಿಗೂ ಕುಬೇರಪ್ಪ ತನ್ನ ಸೊಂಟ ಹಿಡಿದುಕೊಂಡ. ಬೇವಿನ ಕಂಬಗಳು ಕೆಳಗೆ ನಿಂತವು. ಕಲ್ಲುನೆಲ ಹೊರಬಿದ್ದು ತಣ್ಣಗೆ ಹೊಳೆಯಿತು.

ಮೇಲೆ ಏನು ಹಾಕುವುದೆಂಬ ಮಾತು ಬಂದಾಗ ಕುಬೇರಪ್ಪ ಹೆಂಡತಿಯ ಮುಖ ನೋಡಿದ. ಹೆಂಚು ಕೇಳಿ ಕೇಳಿ ಬೇಸತ್ತವಳು ಅವಳು.

"ತೆಳ್ಳಗ ಒಂದ ಪದರ ಮಣ್ಣು," ಎಂದ. "ಅದರ ಮ್ಯಾಲ ಇಳಿಜಾರ ಮಾಡಿ ಹೆಂಚಿನ ಬಣ್ಣದ ತಗಡ ಹಾಕಸಿ ಬಿಡು ಸಿದ್ಧಾ. ಖರೇ ಹೆಂಚಿನ ಭಾರ ಈ ತೊಲಿ ತಡೆಯೂದಿಲ್ಲ."

ತಗಡು ಕೂತ ದಿನ ಸುಶೀಲವ್ವ ಓಣಿಯ ನಡುವೆ ನಿಂತು ಬಹಳ ಹೊತ್ತು ಮೇಲೆ ನೋಡಿದಳು. "ಅಂತೂ ತಂಬೂರ ಬಂತು," ಎಂದಳು. "ತಗಡಿನ ತಂಬೂರ. ಇರ್ಲಿ."

ಕಾರಹುಣ್ಣಿಮೆಯ ದಿನ ಹೇಮಂತ ಬಂದ. ಪಡಸಾಲೆಯ ನಡುವೆ ನಿಂತು ಮೇಲೆ ನೋಡಿದ, ಕಂಬ ಅಲುಗಾಡಿಸಿದ, ತೂಗುಮಣೆಯ ಮೇಲೆ ಕುಳಿತು ಕಾಲು ತೂಗಾಡಿಸಿದ. ಲೆಕ್ಕದ ಮಾಸ್ತರ, ಸುಲಭಕ್ಕೆ ಒಪ್ಪುವವನಲ್ಲ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಸರಿಯಾಗಿ ಮೃಗಶಿರದ ಮೊದಲ ಮಳೆ ತಗಡಿನ ಮೇಲೆ ಅಪ್ಪಳಿಸಿತು. ಎಲ್ಲರೂ ಹೇಮಂತನ ತಾಟನ್ನೇ ನೋಡುತ್ತಿದ್ದರು. ತಾಟಿಗೆ ಏನೂ ಬೀಳಲಿಲ್ಲ. ಇಡೀ ಮನೆಯಲ್ಲಿ ಒಂದೇ ಕಡೆ ಸೋರಿತು, ಕುಬೇರಪ್ಪನ ತಲೆದಿಂಬಿನ ಮೇಲೆ.

"ಅಲ್ಲಿ ಇರ್ಲಿ ಬಿಡು," ಎಂದ ಕುಬೇರಪ್ಪ. "ಮಾಳಿಗಿಗೂ ಸಿಟ್ಟ ಇರತೈತಿ."

ಹೇಮಂತ ನಕ್ಕು, "ಶೈಲಾ ಇಲ್ಲೇ ಇರ್ಲಿ ಬಿಡ್ರಿ ಅಜ್ಜಾರ," ಎಂದು ಕೈತೊಳೆಯಲು ಎದ್ದ.

ಶ್ರಾವಣದಲ್ಲಿ ಶೈಲಾ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೆಣ್ಣು ಹಡೆದಳು. ಕೂಸು, ಬಾಣಂತಿ ಕಾರಿನಿಂದ ಇಳಿದ ಹೊತ್ತಿಗೆ ಓಣಿಯೆಲ್ಲ ಹೊಸ್ತಿಲ ಮುಂದೆ ನೆರೆದಿತ್ತು. ಜೈನಬಿ ಬಂದಿದ್ದಳು. ಎಷ್ಟೋ ವರ್ಷಗಳ ಮೇಲೆ ಮೌನೇಶನೂ ಬಂದು ಕಂಬಕ್ಕೆ ಆತು ನಿಂತಿದ್ದ. ಮಹಾನಂದಾ ಆ ಮುಂಜಾನೆ ಬಾಣಂತಿ ಕೋಣೆ ಸಾರಿಸಲು ಅದರ ಹಿತ್ತಲ ಕಡೆಯ ಸಣ್ಣ ಬಾಗಿಲಿನಿಂದ ಹೋಗಿ ಬಂದವಳು, ಪಡಸಾಲೆಯ ಕಡೆಯ ಬಾಗಿಲನ್ನು ಮಾವನಿಗೆಂದೇ ಮುಚ್ಚಿದಂತೆ ಬಿಟ್ಟಿದ್ದಳು. ಆ ಬಾಗಿಲು ತೆರೆಯುವುದು ಯಾವತ್ತಿಗೂ ಅವನ ಕೆಲಸ. ಸುಶೀಲವ್ವ ಕೂಸಿಗೆ ಆರತಿ ಎತ್ತಿ, ನೀರು ಇಳಿಸಿ, ಎಲ್ಲರನ್ನೂ ಪಡಸಾಲೆಗೆ ಕರೆತಂದು, "ಬಾಗಲಾ ತಗೀರಿ," ಎಂದಳು.

ಕುಬೇರಪ್ಪ ರುಮಾಲು ಬಿಗಿಮಾಡಿಕೊಂಡ. ಮಂದಿಯನ್ನು ಬಾಜೂಕ್ಕೆ ಸರಿಸಿದ. ನಾಲ್ಕು ಹೆಜ್ಜೆ ಹಿಂದೆ ಹೋದ. ಭುಜ ಮುಂದೆ ಮಾಡಿ, ರೂಢಿಯಂತೆ, ಓಡಿ ಬಂದು ಗುದ್ದಿದ.

ಚೌಕಟ್ಟನ್ನು ಅದುಮುತ್ತಿದ್ದ ತೊಲೆಯ ಭಾರ ಇಳಿದ ಮೇಲೆ ಆ ಬಾಗಿಲನ್ನು ಯಾರೂ ತೆರೆದು ನೋಡಿರಲಿಲ್ಲ. ಅದು ಪರದೆಯಂತೆ ಸರಿದು ದಾರಿ ಬಿಟ್ಟಿತು. ಕುಬೇರಪ್ಪ ಕೋಣೆಯೊಳಗೆ ಹಾರಿ, ಬಾಣಂತಿಗೆಂದು ಹಾಸಿದ್ದ ನಾಲ್ಕು ಪದರಿನ ಕೌದಿಯ ಮೇಲೆ ಅಂಗಾತ ಬಿದ್ದ. ರುಮಾಲು ಉರುಳಿಕೊಂಡು ಮಂಚದ ಕೆಳಗೆ ಹೋಯಿತು.

ಸಿದ್ಧಾರೂಢ, ಹೇಮಂತ ಓಡಿ ಬಂದರು. ಶೈಲಾ ನಗಲೂ ಆಗದೆ, ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಇಷ್ಟು ಸದ್ದಿಗೆ ಮಹಾನಂದಾಳ ಕೈಯಲ್ಲಿದ್ದ ಕೂಸು ಎದ್ದು ಅಳತೊಡಗಿತು. ಆ ಕೋಣೆಯಲ್ಲಿ ಅಳು ಕೇಳಿ ಬಹಳ ವರ್ಷವಾಗಿತ್ತು. ಕುಬೇರಪ್ಪ ಮಲಗಿದಲ್ಲೇ ಕೈ ಎತ್ತಿ, ಯಾರೂ ಮಾತಾಡಬೇಡಿರೆಂದು ಸನ್ನೆ ಮಾಡಿ, ಅದನ್ನು ಕೇಳಿದ. ಮೇಲೆ ಜಂತಿಗಳು ಬಹಳ ದೂರದಲ್ಲಿದ್ದವು, ಲಗ್ನದ ವರ್ಷ ಇದ್ದಷ್ಟೇ ದೂರ.

ಮೌನೇಶ ಬಾಗಿಲ ಹತ್ತಿರ ಬಂದು, ಒಂದು ಬೆರಳಿನಿಂದ ಕದವನ್ನು ಹಿಂದೆ ಮುಂದೆ ಆಡಿಸಿದ. "ಹೆಂಗೈತ್ರಿ ಬಾಗಲಾ?" ಎಂದು ಕೇಳಿದ.

"ಅಗದಿ ಬರೋಬ್ಬರಿ ಐತಪಾ," ಎಂದ ಕುಬೇರಪ್ಪ. "ಮೊದಲಿಂದಾನೂ ಬರೋಬ್ಬರಿ ಇತ್ತು. ಈಗ ನನ್ನೊಂದೀಟು ಎತ್ತ್ರಿ. ಜಾಕ್ ತಂದರೂ ನಡೀತದ."